ಕಾಡಾನೆ ಯಾರ ಆಸ್ತಿ?

ಭತ್ತದ ತೆನೆ ಬಲಿಯುವ ಹೊತ್ತಿಗೆ ದಾಂಡೇಲಿಯ ಕಾಡಿನಿಂದ ಆನೆಗಳು ಮುಂಡಗೋಡ ತಾಲೂಕಿಗೆ ಇಳಿದು ಬರುವುದು ವರ್ಷ ವರ್ಷದ ಮಾತಾಗಿದೆ. ಒಂದು ಕುಟುಂಬದ ವರ್ಷದ ಅನ್ನ ಒಂದೇ ರಾತ್ರಿಯಲ್ಲಿ ನೆಲಸಮವಾಗುತ್ತದೆ. ಸಾಲ ಮಾಡಿ ಬಿತ್ತಿದ ರೈತ ಬೆಳಗಾದರೆ ಬದುವಿನ ಮೇಲೆ ತಲೆಗೆ ಕೈಹಚ್ಚಿ ಕೂಡುತ್ತಾನೆ. ಆಗ ಪಾಳಾದ ಅಂಗಡಿ ಕಟ್ಟೆಯಿಂದ ಹಿಡಿದು ದಾಂಡೇಲಿಯ ಗಿರಣಿಯ ಬಾಗಿಲಿನವರೆಗೂ ಒಂದೇ ಮಾತು ಕೇಳಿಬರುತ್ತದೆ: "ಹಿಡಿದು ಒಯ್ದು ಕಟ್ಟಿಹಾಕಬಾರದೆ? ಸಕ್ರೆಬೈಲಿನಲ್ಲಿ ಕಟ್ಟಿಲ್ಲವೆ, ದುಬಾರೆಯಲ್ಲಿ ಕಟ್ಟಿಲ್ಲವೆ?"

ರೈತನ ಸಂಕಟ ನಿಜವಾದದ್ದು. ಅದನ್ನು ಹಗುರಾಗಿ ಕಾಣುವವರ ಸಾಲಿನಲ್ಲಿ ನಾವು ನಿಲ್ಲಲಾರೆವು. ಆದರೆ ಕಟ್ಟಿಹಾಕುವುದೆಂದರೆ ಏನೆಂಬುದನ್ನು ವಾಚಕರು ಒಮ್ಮೆ ಸಮಾಧಾನದಿಂದ ವಿಚಾರ ಮಾಡಬೇಕೆಂದು ನಮ್ಮ ವಿನಂತಿ.

ಆನೆ ಸಾವಿರಾರು ವರ್ಷಗಳಿಂದ ಮನುಷ್ಯನ ಕೈಕೆಳಗೆ ದುಡಿದಿದೆ. ಆದರೂ ಅದು ಎತ್ತಿನಂತೆ, ನಾಯಿಯಂತೆ ಮನೆಯ ಪ್ರಾಣಿಯಾಗಿಲ್ಲ. ಇಂದು ಸರಪಳಿಯಲ್ಲಿರುವ ಯಾವ ಆನೆಯನ್ನು ನೋಡಿದರೂ ಅದನ್ನಾಗಲಿ, ಅದರ ತಾಯಿ ಅಜ್ಜಿಯನ್ನಾಗಲಿ ಕಾಡಿನಿಂದ ಹಿಡಿದು ತಂದದ್ದೇ ಇರುತ್ತದೆ. 1874ರಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಚಾಮರಾಜನಗರದ ಬಳಿ ಖೆಡ್ಡಾ ಹೂಡಿ ಹಿಂಡುಹಿಂಡಾಗಿ ಆನೆ ಹಿಡಿದ. ಮುಂದೆ ಕಾಕನಕೋಟೆಯ ಖೆಡ್ಡಾ ಅರಸರಿಗೂ ಅವರ ಪರದೇಶದ ಅತಿಥಿಗಳಿಗೂ ಒಂದು ವಿನೋದವಾಯಿತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1977ರಲ್ಲಿ ಆನೆ ಆ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿತು.

ಖೆಡ್ಡಾ ನಿಂತಿತು, ಹಿಡಿಯುವುದು ಪೂರ್ತಿ ನಿಲ್ಲಲಿಲ್ಲ. ಈಗ ಬಂದೂಕಿನಿಂದ ಮತ್ತಿನ ಚುಚ್ಚುಮದ್ದು ಹೊಡೆಯುತ್ತಾರೆ. ಪಳಗಿದ ಆನೆಗಳು ಎರಡೂ ಬದಿಗೆ ನಿಂತು ಹಗ್ಗ ಬಿಗಿದು ಎಳೆದು ತರುತ್ತವೆ. ದಪ್ಪ ದಿಮ್ಮಿಗಳ ದೊಡ್ಡಿಯೊಳಗೆ, ಅತ್ತಿತ್ತ ಹೊರಳಲೂ ಬಾರದಷ್ಟು ಇಕ್ಕಟ್ಟಿನಲ್ಲಿ, ವಾರಗಟ್ಟಲೆ, ತಿಂಗಳುಗಟ್ಟಲೆ ನಿಲ್ಲಿಸುತ್ತಾರೆ. ಅಂಕುಶ ಹಿಡಿದ ಕೈಯೇ ಮೇವನ್ನೂ ಕೊಡುತ್ತದೆ. ಆ ಕೈಗೆ ತಲೆಬಾಗದೆ ಬದುಕಿಲ್ಲವೆಂದು ಅದಕ್ಕೆ ಮನವರಿಕೆಯಾದ ದಿನ ದೊಡ್ಡಿಯ ಬಾಗಿಲು ತೆರೆಯುತ್ತದೆ. ಅಪರಾಧ ಮಾಡಿದವನ ಸೆರೆಗೆ ನ್ಯಾಯಾಲಯ ಸಾಮಾನ್ಯವಾಗಿ ಒಂದು ಅವಧಿ ಹೇಳುತ್ತದೆ. ಪೀಕು ತಿಂದ ಆನೆಯ ಸೆರೆಗೆ ಅವಧಿಯೇ ಇಲ್ಲ.

ಅರ್ಜುನನೆಂಬ ಆನೆಯ ಕಥೆ ನಮ್ಮ ನಾಡಿಗೆಲ್ಲ ಗೊತ್ತು. 1968ರಲ್ಲಿ ಕಾಕನಕೋಟೆಯ ಕಾಡಿನಲ್ಲಿ ಅದನ್ನು ಹಿಡಿದರು. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಅದು ಹೊತ್ತಿತು. ವಯಸ್ಸು ಅರವತ್ತು ತಲುಪಿತೆಂದು 2020ರಲ್ಲಿ ಅಂಬಾರಿಯ ಕೆಲಸದಿಂದ ಬಿಡುಗಡೆ ಸಿಕ್ಕಿತು. ನಿವೃತ್ತಿಯೆಂದರೆ ವಿಶ್ರಾಂತಿಯೆಂದು ನಾವು ನೀವು ತಿಳಿದಿದ್ದೇವೆ. ಅರ್ಜುನನಿಗೆ ಅದು ಸಿಗಲಿಲ್ಲ. ಕಾಡಾನೆ ಹಿಡಿಯುವ ಕೆಲಸಕ್ಕೆ ಅದನ್ನು ಹಾಸನ ಜಿಲ್ಲೆಗೆ ಕರೆದೊಯ್ದರು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರು ಕಡೆಯ ಕಾಡಿನಲ್ಲಿ ಮದವೇರಿದ ಸಲಗವೊಂದರ ತಿವಿತಕ್ಕೆ ಸಿಕ್ಕು ಅದು ಸತ್ತಿತು. ಮಾವುತ ಅದರ ಮೈಮೇಲೆ ಬಿದ್ದು ಅತ್ತದ್ದನ್ನು ನಾಡು ಕಂಡಿತು. ಹಾರ ಬಂದವು, ಸ್ಮಾರಕದ ಮಾತು ಬಂತು.

ಗಿರಣಿಯಲ್ಲಿ ದುಡಿದ ಬಂಧುಗಳು ಈ ಕಥೆಯನ್ನು ತಮ್ಮ ಅನುಭವದ ಪಕ್ಕದಲ್ಲಿಟ್ಟು ನೋಡಲಿ. ಪಗಾರವಿಲ್ಲದ ದುಡಿಮೆ, ಮುಗಿಯದ ನೌಕರಿ, ಕೊನೆಗೆ ಕೆಲಸದ ಮೇಲೆಯೇ ಸಾವು. ಅದರ ಮೇಲೆ, ಮಾಡಿಸಿದ ಕೆಲಸವಾದರೂ ಯಾವುದು? ಸ್ವತಂತ್ರವಾಗಿರುವ ತನ್ನದೇ ಜಾತಿಯ ಜೀವಕ್ಕೆ ಹಗ್ಗ ತೊಡಿಸುವುದು. ಮುಷ್ಕರ ಮುರಿಯಲು ಹಸಿದ ಕೂಲಿಯವನನ್ನೇ ತಂದು ನಿಲ್ಲಿಸುವ ಧಣಿಗಳ ಹಂಚಿಕೆ ಕಾರ್ಮಿಕರಿಗೆ ಹೊಸದಲ್ಲ.

ಮಾವುತರೂ ಕಾವಾಡಿಗರೂ ಆನೆಯನ್ನು ಹೊಟ್ಟೆಯ ಮಗನಂತೆ ನೋಡಿಕೊಳ್ಳುತ್ತಾರೆಂಬುದು ಸುಳ್ಳಲ್ಲ. ಅವರಲ್ಲಿ ಬಹಳ ಮಂದಿ ಕಾಡಿನ ಆದಿವಾಸಿಗಳು, ಬಡವರು. ಆದರೆ ಅವರ ಅಕ್ಕರೆಯಿಂದ ಸರಪಳಿ ಬಿಚ್ಚಿಕೊಳ್ಳುವುದಿಲ್ಲ. ಆನೆಯನ್ನು ಕಟ್ಟುವ ನಿರ್ಧಾರವೂ ಬಿಡುವ ನಿರ್ಧಾರವೂ ಅವರದಲ್ಲ.

ಹಾಗಾದರೆ ಯಾರದು? 2025ರಲ್ಲಿ ನಮ್ಮ ಗಡಿಯಾಚೆ ಕೊಲ್ಹಾಪುರ ಜಿಲ್ಲೆಯಲ್ಲಿ ಇದೇ ಪ್ರಶ್ನೆ ಎದ್ದಿತು. ಕರ್ನಾಟಕದಿಂದ ಹೋದ ಮಾಧುರಿ ಎಂಬ ಹೆಣ್ಣಾನೆ 1992ರಿಂದ ನಾಂದಣಿಯ ಜೈನ ಮಠದಲ್ಲಿತ್ತು. ಅದರ ಆರೋಗ್ಯ ಕೆಟ್ಟಿದೆಯೆಂಬ ದೂರಿನ ಮೇಲೆ ಮುಂಬಯಿ ಹೈಕೋರ್ಟು ಜುಲೈ ತಿಂಗಳಲ್ಲಿ ಅದನ್ನು ಜಾಮನಗರದ ವನತಾರಾಕ್ಕೆ ಒಯ್ಯಲು ಆಜ್ಞೆ ಮಾಡಿತು. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ವನತಾರಾ ಅಂಬಾನಿ ಮನೆತನದ ಉದ್ಯಮದವರು ಕಟ್ಟಿಸಿದ ಪ್ರಾಣಿಧಾಮ. ನಮ್ಮ ಆನೆ ನಮಗೆ ಕೊಡಿ ಎಂದು ಸಾವಿರಾರು ಜನ ಬೀದಿಗಿಳಿದರು. ವನತಾರಾದಲ್ಲಿ ಕಾಯಿದೆಯ ಉಲ್ಲಂಘನೆ ಕಂಡಿಲ್ಲವೆಂದು ಸುಪ್ರೀಂ ಕೋರ್ಟು ನೇಮಿಸಿದ ತನಿಖಾ ತಂಡ ಆ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು.

ಮಠದ ಭಕ್ತರ ಪ್ರೀತಿಯನ್ನು ನಾವು ಶಂಕಿಸುವುದಿಲ್ಲ. ವನತಾರಾದಲ್ಲಿ ಒಳ್ಳೆಯ ವೈದ್ಯರಿದ್ದಾರೆಂಬುದನ್ನೂ ಅಲ್ಲಗಳೆಯುವುದಿಲ್ಲ. ಆದರೆ ಆನೆ ನಮ್ಮದೆಂದು ಒಬ್ಬರು, ನಮಗೆ ಒಪ್ಪಿಸಿದ್ದಾರೆಂದು ಇನ್ನೊಬ್ಬರು ಜಗ್ಗಾಡುವಾಗ, ಎಳೆಯ ಮರಿಯಾಗಿದ್ದ ಅದನ್ನು ತಾಯಿಯಿಂದ ಅಗಲಿಸಿದ್ದು ಏಕೆಂದು ಯಾರೂ ಕೇಳಲಿಲ್ಲ. "ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು" ಎಂದು ನಮ್ಮ ಹಿರಿಯರು ಗಾದೆ ಮಾಡಿದರು. ಆ ಹೊನ್ನು ಯಾವ ಕಾಲಕ್ಕೂ ಆನೆಗೆ ಸೇರಿದ್ದಲ್ಲ.

ದೊಡ್ಡವರ ಲೆಕ್ಕ ಕೇಳುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಎಷ್ಟು ಅಂಗಡಿಗಳ ಮುಂದೆ, ಎಷ್ಟು ಮನೆಗಳ ಜಗಲಿಯಲ್ಲಿ ಗಿಳಿಯ ಪಂಜರ ತೂಗುತ್ತಿಲ್ಲ! ನಮ್ಮ ಕಾಡಿನ ಗಿಳಿಯನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಕಾಯಿದೆಯಂತೆ ಅಪರಾಧ. ಕಾಯಿದೆ ಹಾಗಿರಲಿ, ಮುಂಡಗೋಡದಿಂದ ಅತ್ತಿವೇರಿಯ ಕೆರೆ ಬಹಳ ದೂರವಿಲ್ಲ. ರೆಕ್ಕೆ ಇರುವುದು ಯಾತಕ್ಕೆಂದು ಮಕ್ಕಳಿಗೆ ಕಲಿಸಬೇಕಾದರೆ ಅಲ್ಲಿಗೆ ಕರೆದೊಯ್ಯಿರಿ. ಪಂಜರದಲ್ಲಿ ಆ ಪಾಠ ಸಿಗಲಾರದು.

ಹಾಗೆಂದು ಕಾಯಿದೆ ಬಡವನ ಮೇಲೆ ಮಾತ್ರ ಓಡುವುದು ನ್ಯಾಯವಲ್ಲ. ಕರಡಿ ಕುಣಿಸುತ್ತಿದ್ದ ಕಲಂದರರ ಕೈಯಿಂದ ಕರಡಿಗಳನ್ನು ಬಿಡಿಸಿದ್ದು ಸರಿ. ಮೂಗಿಗೆ ಹಗ್ಗ ಪೋಣಿಸಿ ಕುಣಿಸುವುದು ನಿಲ್ಲಲೇಬೇಕಾಗಿತ್ತು. ಅವರಲ್ಲಿ ಕೆಲವರಿಗೆ ಬೇರೆ ಕಸುಬಿಗೆ ನೆರವೂ ದೊರೆಯಿತು. ಹಾವಾಡಿಗರಿಗೂ ಕೋತಿ ಆಡಿಸುವವರಿಗೂ ಅಂಥದೇ ನೆರವು ಸಿಗಬೇಕು. ಪ್ರಾಣಿಯ ಬಿಡುಗಡೆಯ ಖರ್ಚನ್ನು ಒಬ್ಬ ಬಡವನ ಹೊಟ್ಟೆಯ ಮೇಲೆ ಹೇರುವಂತಿಲ್ಲ.

ಅದೇ ನ್ಯಾಯ ಮುಂಡಗೋಡದ ರೈತನಿಗೂ ಸಲ್ಲಬೇಕು. ಆನೆ ಗದ್ದೆಗೆ ಸುಮ್ಮನೆ ಬಂದದ್ದಲ್ಲ. ಸೂಪಾದಿಂದ ಕದ್ರಾದವರೆಗೆ ಕಾಳಿಯ ಅಣೆಕಟ್ಟುಗಳು ಕಣಿವೆಗಳನ್ನು ಮುಳುಗಿಸಿದವು. ಕಾಗದಕ್ಕಾಗಿ ದಶಕಗಟ್ಟಲೆ ಬಿದಿರು ಕಡಿದರು. ಬಿದಿರೇ ಆನೆಯ ಮೇವು. ವಿದ್ಯುತ್ತು ಊರೂರಿಗೆ ಹೋಯಿತು, ಕಾಗದ ದೇಶಕ್ಕೆಲ್ಲ ಹೋಯಿತು. ಲಾಭ ಹಲವರದು, ನಷ್ಟ ಮಾತ್ರ ಕಾಡಂಚಿನ ರೈತನದು ಮತ್ತು ಆನೆಯದು. ಇಬ್ಬರೂ ಒಂದೇ ಅನ್ಯಾಯಕ್ಕೆ ಒಳಗಾಗಿ, ರಾತ್ರಿ ಗದ್ದೆಯಲ್ಲಿ ಒಬ್ಬರನ್ನೊಬ್ಬರು ಶತ್ರುಗಳೆಂದು ಎದುರಿಸುತ್ತಿದ್ದಾರೆ.

ಆದುದರಿಂದ ಸರಕಾರದ ಮುಂದೆ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಹಾಳಾದ ಪೀಕಿಗೆ ಪೇಟೆಯ ಧಾರಣೆಯಂತೆ, ಅದೇ ಹಂಗಾಮಿನಲ್ಲಿ, ಕಚೇರಿಗೆ ಅಲೆಸದೆ ಪರಿಹಾರ ಕೊಡಬೇಕು. ಕಾಡಿನೊಳಗೆ ಬಿದಿರು, ಮೇವು, ನೀರು ಮತ್ತೆ ಬೆಳೆದು ನಿಲ್ಲುವಂತೆ ಮಾಡಬೇಕು. ಆನೆಯ ದಾರಿಗಳನ್ನು ಮುಚ್ಚಕೂಡದು. ಜನರ ಜೀವಕ್ಕೆ ಎರವಾದ ಆನೆಯನ್ನು, ಬೇರೆ ದಾರಿಯೇ ಇಲ್ಲದಾಗ, ಕಾರಣವನ್ನು ಬಹಿರಂಗವಾಗಿ ಹೇಳಿ ಹಿಡಿಯಬೇಕೇ ಹೊರತು ಪೀಕು ತಿಂದ ಕಾರಣಕ್ಕೆ ಹಿಡಿಯಬಾರದು. ಶಿಬಿರಗಳಲ್ಲಿ ಈಗಾಗಲೆ ಇರುವ ಆನೆಗಳಲ್ಲಿ ಅರವತ್ತು ದಾಟಿದವನ್ನು ಯಾವ ಕಾರ್ಯಾಚರಣೆಗೂ ಕಳಿಸಬಾರದು. ಮಾವುತ, ಕಾವಾಡಿಗರ ನೌಕರಿ ಕಾಯಮಾಗಬೇಕು.

ವಾಚಕರಲ್ಲಿಯೂ ಒಂದು ಮಾತು. ಮುಂದಿನ ಸಾರಿ "ಹಿಡಿದು ಕಟ್ಟಿಹಾಕಿ" ಎಂಬ ಮಾತು ಕಿವಿಗೆ ಬಿದ್ದಾಗ ಅರ್ಜುನನನ್ನು ನೆನೆಯಿರಿ. ಪರಿಹಾರದ ಅರ್ಜಿಗೆ ರೈತನ ಜೊತೆ ನೀವೂ ಸಹಿ ಹಾಕಿರಿ. ಜಗಲಿಯ ಪಂಜರ ಖಾಲಿಯಾಗಲಿ.