ಮುಷ್ಟಿಯೂ ಮೂಟೆಯೂ

ಮುಂಬಯಿಯ ದಾದರಿನಲ್ಲಿರುವ ಕಬೂತರ್‌ಖಾನೆಗೆ 2025ರಲ್ಲಿ ಹೊದಿಕೆ ಎಳೆದು ಅಲ್ಲಿನ ಪಾಲಿಕೆಯು ಪಾರಿವಾಳಗಳ ಕಾಳನ್ನು ತಡೆದಂದು ಎದ್ದ ಕೋಲಾಹಲವೆಲ್ಲ ಮರೆತರೂ, ಹಕ್ಕಿಗಳಿಗೆ ಆಹಾರವಿಡುವುದು ಶಾಸ್ತ್ರವಿಹಿತವೆಂಬ ವಾದವೊಂದು ಮಾತ್ರ ನನ್ನನ್ನು ಬಿಡದೆ ಕಾಡುತ್ತಿದೆ. ಯಾವ ಶಾಸ್ತ್ರ? ಒಂದು ಪುಟವನ್ನೂ ತಿರುವದೆ ಶಾಸ್ತ್ರವನ್ನು ಸಾಕ್ಷಿಗೆ ಕರೆಯುವವರ ಮೇಲಿನ ನನ್ನ ಮುನಿಸು ಈ ಅಂಕಣದ ಓದುಗರಿಗೆ ಹೊಸದಲ್ಲ.

ಮನುಸ್ಮೃತಿಯ ಮೂರನೆಯ ಅಧ್ಯಾಯದ ಗೃಹಸ್ಥನು ವೈಶ್ವದೇವವನ್ನು ಮುಗಿಸಿ, ತಾನುಣ್ಣುವ ಮೊದಲು, ಬಲಿಯನ್ನಿಡುತ್ತ ಮನೆಯನ್ನೆಲ್ಲ ಸುತ್ತಬೇಕು: ಬಾಗಿಲ ಬಳಿ ಮರುತ್ತುಗಳಿಗೆ, ಒರಳು ಒನಕೆಗಳೆಡೆಯಲ್ಲಿ ವನಸ್ಪತಿಗಳಿಗೆ, ಹಾಸಿಗೆಯ ತಲೆದೆಸೆಯಲ್ಲಿ ಶ್ರೀದೇವಿಗೆ, ಕಾಲ್ದೆಸೆಯಲ್ಲಿ ಭದ್ರಕಾಳಿಗೆ, ಹಗಲಾಡುವ ಭೂತಗಳಿಗೆ ಹಗಲಿನಲ್ಲಿ, ಇರುಳಾಡುವವಕ್ಕೆ ಇರುಳಿನಲ್ಲಿ. ಕಾಗೆಗಳ ಪಾಲು ಬರುವುದು ಕಟ್ಟಕಡೆಗೆ. ಅದನ್ನು ನೆಲದ ಮೇಲೆ ಮೆಲ್ಲನೆ ಇಡತಕ್ಕದ್ದು, ಧೂಳು ಸೋಕದಂತೆ ಎಂದು ವ್ಯಾಖ್ಯಾನ. (ಅದೇ ಶ್ಲೋಕವು ಮನುಷ್ಯರಲ್ಲಿ ಕೆಲವರನ್ನು ನಾಯಿಗಳ ಸಾಲಿನಲ್ಲಿ ಕೂರಿಸಿರುವ ಕ್ರೌರ್ಯವನ್ನು ನಾನು ಮುಚ್ಚಿಡಲಾರೆ.) ಆಪಸ್ತಂಬನು ಇನ್ನೂ ಕಟ್ಟುನಿಟ್ಟಿನವನು. ಅವನ ಧರ್ಮಸೂತ್ರದ ಪ್ರಕಾರ ಪ್ರತಿಯೊಂದು ಬಲಿಯ ಎಡೆಯನ್ನೂ ಕೈಯಿಂದ ಒರೆಸಿ, ನೀರು ಚಿಮುಕಿಸಿ, ಅನ್ನವನ್ನಿಟ್ಟು, ಬಳಿಕ ಸುತ್ತಲೂ ಮತ್ತೆ ನೀರೆರೆಯಬೇಕು. ಆಶ್ವಲಾಯನನನ್ನೂ ಇವನ ಪಕ್ಕದಲ್ಲಿ ಇರಿಸಿ ನೋಡುವ ಆಸೆಯುಂಟು, ಸಂಪಾದಕರು ಮುನಿಯುವರು.

ಇಷ್ಟು ಬರೆದಮೇಲೆ ತೋರುತ್ತದೆ, ಇಡಬೇಕೆ ಬೇಡವೆ ಎಂಬುದು ಇಲ್ಲಿನ ಪ್ರಶ್ನೆಯೇ ಅಲ್ಲ. ಒಂದೇ ನೆಲಕ್ಕೆ ಎಷ್ಟು ಕೊಕ್ಕುಗಳನ್ನು ಎಷ್ಟು ಕಾಲ ಕೂಡಿಸಬಹುದು, ಕೂಡಿಸಿದವರು ಆ ನೆಲವನ್ನು ಒರೆಸುವರೆ ಎಂಬುದೇ ಪ್ರಶ್ನೆ. ಬ್ರಿಟನ್ನಿನ ತೋಟಗಳಲ್ಲಿ ಕಾಳಿನ ತಟ್ಟೆಗಳು ಹಿಮದ ದಿನಗಳಲ್ಲಿ ಸಣ್ಣ ಹಕ್ಕಿಗಳ ಪ್ರಾಣವನ್ನುಳಿಸಿದ್ದು ನಿಜ, ಗೋಲ್ಡ್‌ಫಿಂಚುಗಳು ಅವನ್ನು ಹುಡುಕಿಕೊಂಡು ಬಂದದ್ದೂ ನಿಜ; ಆದರೆ ಪಾರಿವಾಳಗಳಲ್ಲಿ ಬಹುಕಾಲದಿಂದ ಕಂಡುಬಂದಿದ್ದ ಟ್ರೈಕೊಮೊನಾಸ್ ಎಂಬ ಗಂಟಲಿನ ರೋಗಾಣುವು 2005ರಲ್ಲಿ ಅಲ್ಲಿನ ಫಿಂಚುಗಳಿಗೆ ಹಾಯ್ದು, ಎಂಜಲಾದ ಕಾಳು ನೀರುಗಳ ಮೂಲಕ ಹಬ್ಬಿ, ಸುಮಾರು 43 ಲಕ್ಷವಿದ್ದ ಗ್ರೀನ್‌ಫಿಂಚುಗಳನ್ನು ಕೆಲವೇ ವರ್ಷಗಳಲ್ಲಿ 28 ಲಕ್ಷಕ್ಕೆ ಇಳಿಸಿತು. 2021ರಲ್ಲಿ ಆ ಹಕ್ಕಿಯು ಬ್ರಿಟನ್ನಿನ ಕೆಂಪು ಪಟ್ಟಿಗೆ ಸೇರಿತು. ನಮ್ಮ ನಗರಗಳಲ್ಲಿಯೋ, ಸ್ಕೂಟರಿನಿಂದ ಇಳಿಯದೆಯೇ ಜೋಳದ ಚೀಲವನ್ನು ಬೋರಲು ಹಾಕಿ ಹೊರಟುಹೋಗುವ ಪುಣ್ಯವಂತರು ಬಹುಮಟ್ಟಿಗೆ ಸಾಕುವುದು ಒಂದೇ ಜಾತಿಯನ್ನು. ವರ್ಷವಿಡೀ ಮರಿಮಾಡಬಲ್ಲ ಪಾರಿವಾಳವನ್ನು. ಅದರ ಹಿಕ್ಕೆಯ ಧೂಳನ್ನು ನಿತ್ಯ ಉಸಿರಾಡಿ ಶ್ವಾಸಕೋಶದ ಉರಿಯೂತಕ್ಕೆ ಗುರಿಯಾಗುವವರು ಅಕ್ಕಪಕ್ಕದ ಮನೆಯವರು.

ರಾಜಸ್ಥಾನದ ಖೀಚನ್ ಗ್ರಾಮದವರು ಮೂಟೆಗಟ್ಟಲೆ ಸುರಿಯುವುದಿಲ್ಲವೆ ಎಂದು ಕೇಳುವವರುಂಟು. ಸುರಿಯುತ್ತಾರೆ, ಚುಗ್ಗಾಘರವೆಂಬ ಬೇಲಿ ಹಾಕಿದ ಅಂಗಳದಲ್ಲಿ, ಊರೇ ಹೊಣೆ ಹೊತ್ತು. ಅಲ್ಲಿ ಕಾಳಿಗೆರಗುವ ಕುರ್ಜಾ ಎಂಬ ಕೊಕ್ಕರೆಗಳು (ಇವು ವಾಲ್ಮೀಕಿಯ ಕ್ರೌಂಚವೇ ಎಂಬ ವ್ಯಾಜ್ಯದಿಂದ ಹಿಂದೊಮ್ಮೆ ಓದುಗರನ್ನು ಪೀಡಿಸಿದ್ದೇನೆ) ಮಧ್ಯ ಏಷ್ಯದ ಕಡೆಯಿಂದ ಶರತ್ತಿನಲ್ಲಿ ಬಂದಿಳಿದು ವಸಂತದಲ್ಲಿ ಹಿಂದಿರುಗುವುದರಿಂದ ಆ ಜಂಗುಳಿ ತಾನಾಗಿಯೇ ಕರಗುತ್ತದೆ. ಆದರೂ 2021ರ ನವೆಂಬರಿನಲ್ಲಿ ಅದೇ ಸೀಮೆಯ ಜೋಧಪುರ ಜಿಲ್ಲೆಯಲ್ಲಿ ಹಕ್ಕಿಜ್ವರ ತಗಲಿ ಕುರ್ಜಾಗಳು ಹಿಂಡುಹಿಂಡಾಗಿ ಸತ್ತುದನ್ನು ನೆನೆದರೆ, ಅಷ್ಟು ಶ್ರದ್ಧಾವಂತರಾದ ಖೀಚನ್ನಿನವರಿಗೂ ಆ ಭಯ ತಪ್ಪಿದ್ದಲ್ಲ.