ಷೋಕೇಸಿನಿಂದ ಕೆಳಗಿಳಿಸಿ
“ಹಳೇ ಲೆನ್ಸೇ? ಷೋಕೇಸಿನಲ್ಲಿಡಿ, ಚೆನ್ನಾಗಿ ಕಾಣುತ್ತೆ” ಎನ್ನುವವರನ್ನು ಕಂಡರೆ ನನಗೆ ಸಿಟ್ಟು. ಜರ್ಮನಿಯ ಶ್ನೈಡರ್ ಕಂಪನಿಯ ಹಳೆಯ ಆಂಗುಲಾನ್ ನನ್ನಲ್ಲಿದೆ. 90 ಮಿಲಿಮೀಟರಿನ ವೈಡ್ ಆಂಗಲ್ ಲೆನ್ಸು; ಮುಷ್ಟಿಯಲ್ಲಿ ಅಡಗುತ್ತದೆ. ದೊಡ್ಡ ಫಿಲ್ಮಿಗೆಂದು ಆಮೇಲೆ ಬಂದ ವೈಡ್ ಲೆನ್ಸುಗಳು ಇದಕ್ಕಿಂತ ಬಹಳ ಭಾರ.

ಮೂಲೆಗಳು ಮಸುಕು ಎಂಬ ದೂರು ಸುಳ್ಳಲ್ಲ. ಆದರೆ ಬೆಳಕಿನ ಕಿಂಡಿಯನ್ನು ಎಫ್ 22ಕ್ಕೆ ಕಿರಿದು ಮಾಡಿದರೆ ಮೂಲೆಯೂ ತಿಳಿಯಾಗುತ್ತದೆ. ಬೆಳಕು ಸಾಲದೆನ್ನುವಿರಾ? ಸ್ಟ್ಯಾಂಡಿದೆ, ಸೆಕೆಂಡುಗಟ್ಟಲೆ ಕಾಯಬಹುದು. ಒಲೆಯೇನೂ ಎದ್ದು ಓಡುವುದಿಲ್ಲ. 4ಕ್ಕೆ 5 ಅಂಗುಲದ ಈ ಫಿಲ್ಮು 35 ಮಿಲಿಮೀಟರ್ ಫಿಲ್ಮಿನ ಸುಮಾರು 15 ಪಟ್ಟು ವಿಸ್ತಾರ. 8ಕ್ಕೆ 10 ಅಂಗುಲದ ಚಿತ್ರಕ್ಕೆ ಎರಡೇ ಪಟ್ಟು ಹಿಗ್ಗಿಸಿದರಾಯಿತು. ಹಳೆಯ ಗಾಜಿನ ಕೊರತೆ ಕಣ್ಣಿಗೆ ಬೀಳುವುದೇ ಅಪರೂಪ.

ನಿಮ್ಮ ಮನೆಯ ಆಲ್ಬಂ ತೆರೆದು ನೋಡಿ. ಮದುವೆ ಮಂಟಪವಿದೆ, ಹಜಾರವಿದೆ. ನಮ್ಮ ಆಯುಸ್ಸು ಸವೆದ ಅಡುಗೆಮನೆ ಎಲ್ಲಿ? “ಇಕ್ಕಟ್ಟು, ಹಿಂದೆ ಸರಿಯಲು ಜಾಗವಿಲ್ಲ” ಎಂದು ಬಿಟ್ಟರು. ಗೋಡೆಗೆ ಬೆನ್ನು ಕೊಟ್ಟು ನಿಂತರೂ ಒಲೆ, ಒರಳು, ನಾಗಂದಿಗೆ, ಕಿಟಕಿಗಳನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು ಈ ಲೆನ್ಸು. ದುಡಿಯಬಲ್ಲವರನ್ನು ಬೊಂಬೆಯಂತೆ ಕೂರಿಸಿದರೆ ಏನಾಗುತ್ತದೆಂದು ಹೆಂಗಸರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಒರಳು ಗುಜರಿಗೆ ಹೋಗುವ ಮೊದಲೇ ಲೆನ್ಸನ್ನು ಕೆಲಸಕ್ಕೆ ಹಚ್ಚಿ.