ಕೇಳಿ ಬಡಿಯದ ಆಟ

ಕುಂದಾಪುರದಿಂದ ಬೈಂದೂರಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ ಎಡಬದಿಯ ಕಿಟಕಿ ಸೀಟಿಗೆ ಬೇಡಿಕೆ ಹೆಚ್ಚು. ಮರವಂತೆ ಬರುತ್ತಲೇ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದರಲ್ಲಿ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಸೂರ್ಯನ ಅಂಚು ನೀರಿಗೆ ತಾಗಿದ ಮೇಲೆ ಅವನು ಪೂರ್ತಿ ಕಂತಲು ಎರಡು ನಿಮಿಷ ಚಿಲ್ಲರೆ ಸಾಕು. ಡ್ರೈವರ್ ಎಷ್ಟೇ ಜೋರಾಗಿ ಬಿಟ್ಟರೂ ಅವನು ಕಾಯುವವನಲ್ಲ.

ಕಾಯಿಸಬೇಕಾದರೆ ಪಡುವಣಕ್ಕೇ ಓಡಬೇಕು. ಎಷ್ಟು ವೇಗದಲ್ಲಿ? ಸಮಭಾಜಕದ ಬಳಿ ಭೂಮಿಯ ಸುತ್ತಳತೆ ಸುಮಾರು 40,075 ಕಿ.ಮೀ. 24 ಗಂಟೆಗೆ ಒಂದು ಸುತ್ತು. ಕುಂದಾಪುರ ಇರುವ 13.6 ಡಿಗ್ರಿ ಅಕ್ಷಾಂಶದಲ್ಲಿ ಈ ಸುತ್ತು ತುಸು ಕಿರಿದು. ಭಾಗಿಸಿದರೆ ಗಂಟೆಗೆ 1,620 ಕಿ.ಮೀ. ಆಸುಪಾಸು ಬರುತ್ತದೆ. ಅಷ್ಟು ವೇಗದಲ್ಲಿ ಹಾರಿದರೆ ಸೂರ್ಯ ಇದ್ದಲ್ಲೇ ಇರುತ್ತಾನೆ. ಇನ್ನೂ ಜೋರಾಗಿ ಹಾರಿದರೆ? ಪಡುವಣದಲ್ಲಿ ಮೇಲೇಳುತ್ತಾನೆ. ಇದು ಅಜ್ಜಿ ಕತೆಯಲ್ಲ. ಲಂಡನ್ನಿನಿಂದ ನ್ಯೂಯಾರ್ಕಿಗೆ ಹಾರುತ್ತಿದ್ದ ಕಾಂಕಾರ್ಡ್ ವಿಮಾನಕ್ಕೆ ಸೂರ್ಯನನ್ನು ಹಿಂದೆ ಹಾಕುವಷ್ಟು ವೇಗವಿತ್ತು.

ಈ ಲೆಕ್ಕವನ್ನೇ ಗಣಕಯಂತ್ರದ ಆಟವಾಗಿಸಿದ ಅಣ್ಣತಮ್ಮಂದಿರು ಇದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆರನ್ ಮತ್ತು ಫಾರೆಸ್ಟ್ ಸ್ಯಾನ್ ಫಿಲಿಪ್ಪೊ. ಅವರ ಪುಟ್ಟ ಸಂಸ್ಥೆಯ ಹೆಸರು ಫ್ಲಿಪ್‌ಫ್ಲೈ, ಆಟದ ಹೆಸರು 'ರೇಸ್ ದ ಸನ್'. ದೊಡ್ಡ ಕಂಪೆನಿಯ ಬೆಂಬಲವಿಲ್ಲದೆ, ಆಸಕ್ತರಿಂದಲೇ ಮುಂಗಡ ಹಣ ಎತ್ತಿ ಮಾಡಿದ ಈ ಆಟ 2013ರ ಆಗಸ್ಟಿನಲ್ಲಿ ಹೊರಬಂತು.

ಆಡುವವನ ಕೈಯಲ್ಲಿ ಬಿಸಿಲಿನಿಂದ ಓಡುವ ಒಂದು ವಾಹನ. ಮುಂದೆ ಬೂದುಬಣ್ಣದ ಬಯಲು, ಅದರಲ್ಲಿ ಗೋಡೆ, ಕಂಬ, ಗೋಪುರಗಳು. ಎದುರಿಗೆ ಇಳಿಯುತ್ತಿರುವ ಸೂರ್ಯ. ಗೋಪುರದ ನೆರಳಿಗೆ ಸಿಕ್ಕಿದರೆ ವೇಗ ಕುಗ್ಗುತ್ತದೆ. ನೇರ ಡಿಕ್ಕಿಯಾದರೆ ಅಲ್ಲಿಗೇ ಮುಗಿಯಿತು. ವೇಗವರ್ಧಕ ಸಿಕ್ಕಿತೋ, ಸೂರ್ಯ ಒಂದಿಷ್ಟು ಮೇಲೇರುತ್ತಾನೆ. ಕಡೆಗೆ ಕಂತಿದ ಮೇಲೆ ಆಟವೂ ಇಲ್ಲ. ವಿಜ್ಞಾನದ ಕಣ್ಣಿಗೆ ಒಂದೇ ಕೊರತೆ ಎಂದರೆ ಇರುಳೆಲ್ಲ ಓಡಿಸುವಂಥ ಬ್ಯಾಟರಿ ವಾಹನದಲ್ಲಿಲ್ಲ! 2015ರ ಮಾರ್ಚಿನಲ್ಲಿ ಅಹಮದಾಬಾದಿಗೆ ಬಂದಿಳಿದಿದ್ದ ಸೋಲಾರ್ ಇಂಪಲ್ಸ್ ವಿಮಾನ ಹಗಲಲ್ಲಿ ಬ್ಯಾಟರಿ ತುಂಬಿಕೊಂಡು ಇರುಳೆಲ್ಲ ಹಾರುತ್ತಿತ್ತು. ಆದರೆ ಅಂಥ ಬ್ಯಾಟರಿ ಇಟ್ಟರೆ ನೆರಳಿನ ಭಯ ಹೋಗುತ್ತದೆ. ಭಯ ಹೋದರೆ ಆಟ ಸಪ್ಪೆ. ಇಲ್ಲಿ ಲೆಕ್ಕ ತಪ್ಪಿದ್ದೇ ಸರಿ.

ವಿಮರ್ಶಕರು ಬಹುಮಟ್ಟಿಗೆ ಮೆಚ್ಚಿದರು. ಬಣ್ಣ ಕಡಿಮೆಯಾದಷ್ಟೂ ಬೆಳಕು-ನೆರಳು ಎದ್ದು ಕಾಣುತ್ತದೆ, ವೇಗ ಮೈಗೆ ತಾಗುತ್ತದೆ, ಮುಳುಗುವ ಸೂರ್ಯನೇ ಗಡಿಯಾರವಾಗುವುದು ಒಳ್ಳೆಯ ಉಪಾಯ ಎಂಬುದು ಮೆಚ್ಚುಗೆಯ ಸಾರ. ತಕರಾರೂ ಇತ್ತು. ನೋಟ ಒಂದೇ ತೆರ, ಮಾಡುವ ಕೆಲಸವೂ ಒಂದೇ. ಎಷ್ಟು ಹೊತ್ತು ಆಡುವುದು?

ಈ ತಕರಾರನ್ನು ನಮ್ಮ ಕರಾವಳಿಯ ಜನ ಸುಲಭದಲ್ಲಿ ಒಪ್ಪಲಾರರು. ವಂಡಾರಿನ ಕಂಬಳದಲ್ಲಿ ವರ್ಷವೂ ಅದೇ ಗದ್ದೆ, ಅದೇ ಕೆಸರು. ಮಂದಾರ್ತಿ ಮೇಳದ ಬಯಲಾಟದಲ್ಲಿ ಕತೆ ಗೊತ್ತಿಲ್ಲದವರು ಎಷ್ಟು ಮಂದಿ? ಪ್ರಸಂಗದ ಪದ್ಯ ಅದೇ, ತಾಳ ಅದೇ. ವೇಷಧಾರಿಯ ಮಾತು ಮಾತ್ರ ಆ ರಾತ್ರಿಯದು. 'ರೇಸ್ ದ ಸನ್' ಕೂಡ ಹೀಗೆಯೇ. ಅದರ ಬಯಲನ್ನು ಯಾರೂ ಕೈಯಾರೆ ಜೋಡಿಸಿಡುವುದಿಲ್ಲ. ನಿಯಮಗಳನ್ನು ಕೊಟ್ಟರೆ ಗಣಕವೇ ದಿನಕ್ಕೊಂದು ಹೊಸ ಬಯಲು ಹೂಡುತ್ತದೆ. ಆ ದಿನ ಆಡುವ ಎಲ್ಲರಿಗೂ ಅದೇ ಬಯಲು, ಹಾಗಾಗಿ ಪೈಪೋಟಿಗೂ ನ್ಯಾಯವಿದೆ. ನಿನ್ನೆಯ ದಾರಿ ಬಾಯಿಪಾಠ ಮಾಡಿದವನಿಗೆ ಇಂದು ಅದರಿಂದ ಉಪಯೋಗವಿಲ್ಲ. ಒಂದೇ ತೆರ ಎಂದವರು ಬಹುಶಃ ಒಂದೇ ದಿನ ಆಡಿ ಬರೆದಿರಬೇಕು.

ಮೆಚ್ಚುಗೆಯೇನೋ ಬಂತು, ಗಿರಾಕಿ ಬರಲಿಲ್ಲ. ಮೊದಲ ತಿಂಗಳಲ್ಲಿ ಮಾರಾಟವಾದದ್ದು 771 ಪ್ರತಿ. ಈ ಸಂಖ್ಯೆಯನ್ನು ಆರನ್ ತಾವೇ ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದರು. ಎರಡು ಸಂಸಾರ ನಡೆಯುವ ಲೆಕ್ಕವೇ ಅದು?

ಕಾರಣ ಆಟದೊಳಗೆ ಇರಲಿಲ್ಲ. ಗಣಕದ ಆಟ ಕೊಳ್ಳುವವರಲ್ಲಿ ಹೆಚ್ಚಿನವರು ಹೋಗುವುದು ಸ್ಟೀಮ್ ಎಂಬ ಒಂದೇ ಅಂಗಡಿಗೆ. ಆಗ ಅಲ್ಲಿ ಹೊಸಬರಿಗೆ 'ಗ್ರೀನ್‌ಲೈಟ್' ಎಂಬ ಮತದಾನವಿತ್ತು. ಮತ ಬೀಳದೆ ಬಾಗಿಲು ತೆರೆಯದು. ಅಣ್ಣತಮ್ಮಂದಿರು ಕಾಯುವಷ್ಟು ಕಾದು, ಹೊರಗಿನಿಂದಲೇ ಮಾರಲು ಹೊರಟಿದ್ದರು. ಹಿಂದೆಲ್ಲ ಆಟದ ದಿನ ಇಳಿಹೊತ್ತಿಗೆ ಚೆಂಡೆ ಮದ್ದಳೆಯಲ್ಲಿ ಕೇಳಿ ಬಡಿಯುತ್ತಿದ್ದರು. ಆ ಸದ್ದು ಮೂರೂರಿಗೆ ಮುಟ್ಟಿದರೆ ಜನ ಸೂಡಿ ಹಿಡಿದು ಗದ್ದೆ ದಾಟಿ ಬರುತ್ತಿದ್ದರು. ಕೇಳಿಯೇ ಇಲ್ಲದಿದ್ದರೆ? ಭಾಗವತರ ಕಂಠ ಎಷ್ಟು ಚೆನ್ನಾಗಿದ್ದರೇನು, ಚಾಪೆ ಖಾಲಿ. ವಿಮರ್ಶೆ ಬರುವುದು ಆಟ ನೋಡಿದವನಿಂದ. ನೋಡಲು ಕರೆಯುವ ಕೆಲಸ ಬೇರೆಯದೇ.

ಅದೇ ವರ್ಷದ ಡಿಸೆಂಬರಿನಲ್ಲಿ ಸ್ಟೀಮ್ ಬಾಗಿಲು ತೆರೆಯಿತು. ಆಟ ಅದೇ, ಸೂರ್ಯ ಅದೇ. ಮಾರಾಟದ ಚಿತ್ರವೇ ಬದಲಾಯಿತು. 2014ರಲ್ಲಿ ಪ್ಲೇಸ್ಟೇಷನ್ನಿಗೂ, ಮುಂದೆ ಮೊಬೈಲಿಗೂ ಬಂತು. ವಿಮರ್ಶಕರು ಆಗಸ್ಟಿನಲ್ಲಿ ಹೇಳಿದ್ದು ಸುಳ್ಳಾಗಿರಲಿಲ್ಲ, ಜನಕ್ಕೆ ಮುಟ್ಟಿರಲಿಲ್ಲ ಅಷ್ಟೆ.

ಬ್ರಹ್ಮಾವರದಲ್ಲೋ ಕೋಟೇಶ್ವರದಲ್ಲೋ ಕಂಪ್ಯೂಟರ್ ಕಲಿತು, ಮನೆಯ ಮಾಳಿಗೆಯಲ್ಲಿ ಕೂತು ಆಟವೊಂದನ್ನು ಹೆಣೆಯುವ ಹುಡುಗನಿಗೆ ಈಗ ಆ ಮತದಾನದ ಕಾಟವಿಲ್ಲ. 2017ರಲ್ಲಿ ಗ್ರೀನ್‌ಲೈಟ್ ನಿಂತು, ಆಟವೊಂದಕ್ಕೆ 100 ಡಾಲರ್ ಕಟ್ಟುವ ಪದ್ಧತಿ ಬಂತು. ಬಾಗಿಲು ಅಗಲವಾಯಿತು ನಿಜ. ಆದರೆ ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಆಟಗಳು ಅದರೊಳಗೆ ನುಗ್ಗುತ್ತಿವೆ. ಈಗ ಒಂದೊಂದು ಗದ್ದೆಯಲ್ಲೂ ಒಂದೊಂದು ಮೇಳ, ಎಲ್ಲರದೂ ಒಟ್ಟಿಗೇ ಕೇಳಿ ಬಡಿತ. ಸೂಡಿ ಹಿಡಿದು ಹೊರಟವನು ಕವಲುದಾರಿಯಲ್ಲಿ ನಿಂತಿದ್ದಾನೆ.